ಹೊಸ ಪಿಕಪ್‌ನ ಬಾಡಿಯಲ್ಲಿ ಎಷ್ಟು ಜನರನ್ನು ಕೂರಿಸಬಹುದು?

ಪ್ರಶ್ನೆ: ನಮ್ಮದು ಸವಣೂರು ತಾಲ್ಲೂಕು. ಎರಡು ತಿಂಗಳ ಹಿಂದೆ ಹೊಸ ಡೀಸೆಲ್ ಪಿಕಪ್ ಕೊಂಡಿದ್ದೇನೆ. ಅಲ್ಲಿಯವರೆಗೆ ಟ್ರ್ಯಾಕ್ಟರ್ ಬಿಟ್ಟು ಬೇರೆ ಗಾಡಿ ಓಡಿಸಿದವನಲ್ಲ. ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ದಿನಾ ಹದಿನೆಂಟು ಇಪ್ಪತ್ತು ಹೆಣ್ಣಾಳುಗಳನ್ನು ನಾಲ್ಕು ಕಿಲೋಮೀಟರ್ ದೂರದ ಹೊಲಕ್ಕೆ ಕರೆದೊಯ್ಯಬೇಕು. ಭರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗೋಣವೆಂದು ಓಣಿಯವರೂ ಕೇಳುತ್ತಿದ್ದಾರೆ. ಗಾಡಿ 1,700 ಕಿಲೋ ಹೊರುತ್ತದೆ, ಇಪ್ಪತ್ತು ಜನ ಸೇರಿದರೂ 1,100 ಕಿಲೋ ದಾಟುವುದಿಲ್ಲ. ಸರಳು ಕಟ್ಟಿಸಿ, ಎರಡೂ ಬದಿಗೆ ಬೆಂಚು ಹಾಕಿಸಿದರೆ ಎಷ್ಟು ಜನರನ್ನು ಸುರಕ್ಷಿತವಾಗಿ ಒಯ್ಯಬಹುದು? ಬ್ಯಾಡಗಿ ಪೇಟೆಗೆ ಹೋಗುವಾಗ ಅಪ್ಪ ಚೀಲಗಳ ಮೇಲೆಯೇ ಕೂರುತ್ತಾರೆ, ಇಳಿಯಿರಿ ಎಂದರೆ ಕೇಳುವುದಿಲ್ಲ. ಇನ್ನೊಂದು ಮಾತು. ವಾರದಿಂದ ಮೀಟರಿನಲ್ಲಿ ಚುಕ್ಕೆಗಳಿರುವ ಹಳದಿ ದೀಪ ಉರಿಯುತ್ತಿದೆ. ಹೊಸ ಗಾಡಿಯನ್ನು ಹೇಗೆ ನಡೆಸಬೇಕು ತಿಳಿಸಿ.

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಬಳಿಯೇ ಇದೆ. ಗಾಡಿಯ ನೋಂದಣಿ ಪತ್ರ ತೆಗೆದು ಆಸನ ಸಾಮರ್ಥ್ಯ ಎಂಬಲ್ಲಿ ನೋಡಿ. ಚಾಲಕ ಸೇರಿ ಎರಡು ಎಂದಿರುತ್ತದೆ, ಕೆಲವು ಮಾದರಿಗಳಲ್ಲಿ ಮೂರು. ಅಷ್ಟೂ ಕ್ಯಾಬಿನ್ನಿನೊಳಗಿನ ಲೆಕ್ಕ. ಹಿಂದಿನ ಬಾಡಿಯ ಲೆಕ್ಕ ಸೊನ್ನೆ. ಸರಳು ಕಟ್ಟಿಸಿದರೂ ಸೊನ್ನೆ, ಬೆಂಚು ಹಾಕಿಸಿದರೂ ಸೊನ್ನೆ, ನಾಲ್ಕೇ ಕಿಲೋಮೀಟರ್ ಆದರೂ ಸೊನ್ನೆ.

ಇಷ್ಟು ಹೇಳಿ ಮುಗಿಸಿದರೆ ನೀವು ಒಪ್ಪುವುದಿಲ್ಲವೆಂದು ಗೊತ್ತು. ಏಕೆಂದರೆ ನಿಮ್ಮ ತೂಕದ ಲೆಕ್ಕದಲ್ಲಿ ತಪ್ಪಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ನಾನು ಕೆಲಸ ಮಾಡಿದಷ್ಟು ವರ್ಷವೂ ಇದೇ ಲೆಕ್ಕವನ್ನು ಕೇಳಿದ್ದೇನೆ. ಗಾಡಿ ಎಷ್ಟು ಹೊರುತ್ತದೆ ಎಂಬುದು ಒಂದು ಪ್ರಶ್ನೆ, ಹೊತ್ತದ್ದು ಎಲ್ಲಿ ನಿಂತಿದೆ, ಹೇಗೆ ಅಲುಗುತ್ತದೆ ಎಂಬುದು ಇನ್ನೊಂದು. ಗೋವಿನಜೋಳದ ಚೀಲ ಬಾಡಿಯ ತಳಕ್ಕೆ ಮಲಗುತ್ತದೆ. ಅದರ ಭಾರ ತಳದಿಂದ ಅರ್ಧ ಅಡಿ, ಒಂದಡಿ ಎತ್ತರದಲ್ಲಿ ನೆಲೆಸುತ್ತದೆ. ನಿಂತ ಮನುಷ್ಯನ ಭಾರ ಹೊಕ್ಕುಳಿನ ಮಟ್ಟದಲ್ಲಿರುತ್ತದೆ, ಎಂದರೆ ತಳದಿಂದ ಸುಮಾರು ಒಂದು ಮೀಟರ್ ಮೇಲೆ. ಅದೇ 1,100 ಕಿಲೋ, ಆದರೆ ಎರಡು ಮೂರು ಅಡಿ ಮೇಲಕ್ಕೆ ಏರಿ ಕುಳಿತಿದೆ. ಅಷ್ಟೇ ಅಲ್ಲ, ಚೀಲಕ್ಕೆ ಹೆದರಿಕೆಯಿಲ್ಲ, ಮನುಷ್ಯರಿಗಿದೆ. ಎಡಕ್ಕೆ ತಿರುಗಿದಾಗ ಇಪ್ಪತ್ತು ಜನರೂ ಒಟ್ಟಿಗೆ ಬಲಕ್ಕೆ ವಾಲಿ, ಒಬ್ಬರನ್ನೊಬ್ಬರು ಹಿಡಿಯುತ್ತಾರೆ. ಚಾಲಕನಿಗೆ ಸ್ಟಿಯರಿಂಗ್ ನೆಟ್ಟಗೆ ಮಾಡಬೇಕು ಎನಿಸುವ ಹೊತ್ತಿಗೆ ಭಾರ ಹೊರಬದಿಯ ಚಕ್ರದ ಮೇಲೆ ಬಿದ್ದಾಗಿರುತ್ತದೆ. ಅರ್ಧ ತುಂಬಿದ ಕೊಡ ಹೊತ್ತವರನ್ನು ಕೇಳಿ, ತುಂಬಿದ್ದಕ್ಕಿಂತ ಅರ್ಧ ಕೊಡವೇ ತಲೆಯ ಮೇಲೆ ಹೆಚ್ಚು ಆಟವಾಡಿಸುತ್ತದೆ ಎನ್ನುತ್ತಾರೆ.

ಇನ್ನು ಗಾಡಿ ಮಗುಚದೆ ಬರೀ ನಿಂತರೂ ಸಾಕು. ಎಮ್ಮೆ ಅಡ್ಡ ಬಂತು, ನೀವು ಪೂರ್ತಿ ಬ್ರೇಕ್ ಒತ್ತಿದಿರಿ. ಗಂಟೆಗೆ 50 ಕಿಲೋಮೀಟರ್ ವೇಗದಿಂದ ಗಾಡಿಯಾಚೆ ಎಸೆಯಲ್ಪಟ್ಟು ಗಟ್ಟಿ ವಸ್ತುವಿಗೆ ಬಡಿಯುವ ಮೈಗೆ ಬೀಳುವ ಪೆಟ್ಟು ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮಾಳಿಗೆಯಿಂದ ಕೆಳಗೆ ಬಿದ್ದಷ್ಟು. ನಿಮ್ಮ ಕಬ್ಬಿಣದ ಸರಳು ಅಲ್ಲಿ ಆಸರೆಯಾಗುವುದಿಲ್ಲ, ತಲೆಗೂ ಎದೆಗೂ ಬಡಿಯುವ ಮೊದಲ ವಸ್ತುವಾಗುತ್ತದೆ. ಬೆಂಚಿನದ್ದೂ ಅದೇ ಕತೆ. ಕಾರಿನ ಸೀಟು ಚಾಸಿಗೆ ಬೋಲ್ಟ್ ಹಾಕಿ, ಬೆಲ್ಟ್ ಎಳೆದಾಗ ಕಿತ್ತು ಬರಬಾರದು ಎಂದು ಪರೀಕ್ಷೆಯಾಗಿ ಬಂದಿರುತ್ತದೆ. ವೆಲ್ಡಿಂಗ್ ಅಂಗಡಿಯ ಬೆಂಚಿಗೆ ಅಂಥ ಪರೀಕ್ಷೆ ಇಲ್ಲ, ಗಾಡಿ ಮಗುಚಿದರೆ ಅದೇ ಎದ್ದು ಜನರ ಮೇಲೆ ಬೀಳುತ್ತದೆ. ಗಾಡಿಯ ರಚನೆಯನ್ನು ಹೀಗೆ ಮನಸ್ಸಿಗೆ ಬಂದಂತೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯೂ ಇದೆ.

ನಿಮ್ಮ ಊರಿನವರಿಗೆ ನಾನು ಇದನ್ನು ವಿವರಿಸಬೇಕಾಗಿ ಬಂದದ್ದೇ ಬೇಸರದ ಸಂಗತಿ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಹೊತ್ತು ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಅರೆಬೈಲು ಘಟ್ಟದ ಬಳಿ ಕಂದಕಕ್ಕೆ ಉರುಳಿ ಹತ್ತು ಮಂದಿ ಹೋದರು. ಅವರು ಮೋಜಿಗೆ ಹೊರಟವರಲ್ಲ, ದುಡಿದು ತಿನ್ನುವ ವ್ಯಾಪಾರಿಗಳು, ತಮ್ಮದೇ ಸರಕಿನ ಜೊತೆ ಹೊರಟಿದ್ದವರು. ಅಂಥ ಅಪಘಾತದಲ್ಲಿ ಗಾಡಿಯೊಂದೇ ಬಡಿಯುವುದಿಲ್ಲ, ಜೊತೆಗಿದ್ದ ಸರಕೂ ಮೈಮೇಲೆ ಬರುತ್ತದೆ.

ದಂಡದ ಮೊತ್ತ ಹೇಳಿ ನಿಮ್ಮನ್ನು ಹೆದರಿಸುವುದಿಲ್ಲ. ಕಟ್ಟಿ ಮರುದಿನ ಮತ್ತೆ ಜನ ಹತ್ತಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ನಿದ್ದೆ ಕೆಡಿಸಬೇಕಾದದ್ದು ವಿಮೆ. ಸರಕು ಸಾಗಣೆ ವಾಹನದ ಕಡ್ಡಾಯ ವಿಮೆ ಹಿಂದೆ ಹತ್ತಿಸಿಕೊಂಡ ಪ್ರಯಾಣಿಕರನ್ನು ಕಾಯುವುದಿಲ್ಲ. ದುಡ್ಡು ಕೊಟ್ಟು ಹತ್ತಿದರೂ ಅಷ್ಟೇ, ಪುಕ್ಕಟೆ ಹತ್ತಿದರೂ ಅಷ್ಟೇ. 2002ರಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಗೊಂದಲವಿಲ್ಲದಂತೆ ಹೇಳಿದೆ. ಕಾಯ್ದೆಯ 147ನೇ ಕಲಮಿನಲ್ಲಿ ರಕ್ಷಣೆ ಇರುವುದು ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ, ಮತ್ತು ಚಾಲಕನಂತೆ ಆ ಗಾಡಿಯ ಕೆಲಸಕ್ಕೇ ಇರುವವರಿಗೆ. ಕಾಯಿ ಬಿಡಿಸಲು ಹೊರಟ ಹೆಣ್ಣುಮಕ್ಕಳು ನಿಮ್ಮ ಹೊಲದ ಆಳುಗಳೇ ಹೊರತು ಗಾಡಿಯ ಆಳುಗಳಲ್ಲ. ಕೆಲವು ಪ್ರಕರಣಗಳಲ್ಲಿ ವಿಮಾ ಕಂಪನಿಯೇ ಮೊದಲು ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಆದೇಶವಾಗುವುದುಂಟು. ಆಗಲೂ ಕೊನೆಗೆ ಬಾಗಿಲು ತಟ್ಟುವುದು ನಿಮ್ಮದನ್ನೇ.

ಎಷ್ಟು ಆದೀತು ಎಂದು ಒಂದು ಉದಾಹರಣೆ ಹಾಕಿ ನೋಡೋಣ. ಮೂವತ್ತು ವರ್ಷದ, ತಿಂಗಳಿಗೆ 10,000 ರೂಪಾಯಿ ದುಡಿಯುವ, ನಾಲ್ವರು ಅವಲಂಬಿತರಿರುವ ಹೆಣ್ಣುಮಗಳು ತೀರಿಕೊಂಡರು ಎನ್ನಿ. ವರ್ಷದ ದುಡಿಮೆ 1,20,000. ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗಾಗಿ ಶೇ 40 ಸೇರಿಸಿದರೆ 1,68,000. ಆಕೆಯ ಸ್ವಂತ ಖರ್ಚೆಂದು ಕಾಲುಭಾಗ ಕಳೆದರೆ 1,26,000. ಆ ವಯಸ್ಸಿಗೆ ಗುಣಕ 17. ಗುಣಿಸಿದರೆ 21,42,000 ರೂಪಾಯಿ. ಇದು ನ್ಯಾಯಮಂಡಳಿಗಳು ಅನುಸರಿಸುವ ಲೆಕ್ಕದ ಕ್ರಮ, ಉಳಿದ ಬಾಬ್ತುಗಳು ಮೇಲೆ ಬೇರೆ. ಒಂದು ಜೀವದ ಲೆಕ್ಕವೇ ನಿಮ್ಮ ಗಾಡಿಯ ಬೆಲೆಯನ್ನು ದಾಟಿತು. ನೀವು ಹತ್ತಿಸಿದ್ದು ಇಪ್ಪತ್ತು ಜನರನ್ನು.

ಹಾಗಾದರೆ ಆಳುಗಳನ್ನು ಹೊಲಕ್ಕೆ ಮುಟ್ಟಿಸುವುದು ಹೇಗೆ? ಸುಗ್ಗಿಯ ದಿನಗಳಿಗೆ ಪ್ರಯಾಣಿಕರ ಪರವಾನಗಿ ಇರುವ ಮ್ಯಾಕ್ಸಿ ಕ್ಯಾಬನ್ನು ಅಕ್ಕಪಕ್ಕದ ನಾಲ್ಕು ಹೊಲದವರು ಸೇರಿ ಗೊತ್ತು ಮಾಡಿಕೊಳ್ಳಿ, ಒಂದೇ ಗಾಡಿ ಎರಡು ಮೂರು ಸರದಿಯಲ್ಲಿ ಎಲ್ಲರ ಆಳುಗಳನ್ನೂ ಮುಟ್ಟಿಸುತ್ತದೆ. ಬಸ್ಸಿನ ದಾರಿಯಲ್ಲಿ ಹೊಲವಿದ್ದರೆ ಇನ್ನೂ ಸುಲಭ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಕೆಲಸ ಶುರುವಾಗುವ ಹೊತ್ತನ್ನು ಬಸ್ಸಿನ ಹೊತ್ತಿಗೆ ಹೊಂದಿಸಿಕೊಂಡರೆ ಆಯಿತು. ಅರ್ಧ ಗಂಟೆ ದುಡಿಮೆ ಹೋಗುತ್ತದೆ ಎಂದು ಗೊಣಗುವವರು ಇದ್ದೇ ಇರುತ್ತಾರೆ, ಗೊಣಗಲಿ. ನಿಮ್ಮ ಪಿಕಪ್ ಅವರ ಬುತ್ತಿ, ನೀರಿನ ಕೊಡ, ಖಾಲಿ ಚೀಲ, ತಾಡಪಾಲುಗಳನ್ನು ಮುಂದಾಗಿ ಒಯ್ಯಲಿ, ಅದು ಅದರ ಕೆಲಸ. ಗುಡ್ಡದ ಜಾತ್ರೆಗೆ ಓಣಿಯವರೆಲ್ಲ ಸೇರಿ ವಾಯವ್ಯ ಸಾರಿಗೆಯ ಬಸ್ಸನ್ನು ಸಾಂದರ್ಭಿಕ ಒಪ್ಪಂದದ ಮೇಲೆ ಪಡೆಯಬಹುದು, ಡಿಪೋದಲ್ಲಿ ಮುಂಚಿತವಾಗಿ ಕೇಳಿ. ವರ್ಷವಿಡೀ ನಾಲ್ಕೈದು ಜನರನ್ನೂ ಸರಕನ್ನೂ ಒಟ್ಟಿಗೆ ಒಯ್ಯುವ ಅಗತ್ಯವಿರುವವರು ಕೊಳ್ಳುವಾಗಲೇ ಎರಡು ಸಾಲು ಸೀಟಿನ ಪಿಕಪ್ ಕೊಳ್ಳಬೇಕಿತ್ತು. ಅವುಗಳಲ್ಲಿ ಹೊರುವ ಭಾರ ಕಡಿಮೆ, ಆದರೆ ಹಿಂದಿನ ಸಾಲಿಗೂ ಬೆಲ್ಟ್ ಇರುತ್ತದೆ. ನೀವು ಕೊಂಡದ್ದು ಅದಲ್ಲವಾದ್ದರಿಂದ ಆ ಮಾತು ಬಿಡೋಣ.

ಈಗ ಚುಕ್ಕೆಗಳ ಹಳದಿ ದೀಪ. ನನ್ನ ಅಂದಾಜಿನಂತೆ ಅದು ಹೊಗೆ ಶೋಧಕದ್ದು, ಡಿಪಿಎಫ್ ಎನ್ನುತ್ತಾರೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ನೋಡಿ ಖಚಿತ ಮಾಡಿಕೊಳ್ಳಿ. 2020ರ ಏಪ್ರಿಲ್ 1ರಿಂದ ಬಿಎಸ್ 6 ಮಾನದಂಡ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಜಾಲರಿಯಂಥ ಪಾತ್ರೆ ಇರುತ್ತದೆ. ಅದು ತುಂಬಿದಾಗ ಎಂಜಿನ್ ತಾನೇ ಕೊಳವೆಯನ್ನು ಐದಾರುನೂರು ಡಿಗ್ರಿಯವರೆಗೆ ಕಾಯಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಅದಕ್ಕೆ ಗಾಡಿ ಕಾದು, ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ಹೊಲಕ್ಕೆ ನಾಲ್ಕು ಕಿಲೋಮೀಟರ್, ಹೊಲದಿಂದ ಮನೆಗೆ ನಾಲ್ಕು. ನಿಮ್ಮ ಎಂಜಿನ್ ಕಾಯುವಷ್ಟರಲ್ಲಿ ನೀವು ಕೀಲಿ ತಿರುಗಿಸಿರುತ್ತೀರಿ. ದೀಪ ಹಳದಿಯಾಗಿ ಸುಮ್ಮನೆ ಉರಿಯುತ್ತಿರುವಾಗಲೇ ಒಂದು ದಿನ ಹೆದ್ದಾರಿಗೆ ಹೋಗಿ ಇಪ್ಪತ್ತು ಇಪ್ಪತ್ತೈದು ನಿಮಿಷ 60ರ ಆಸುಪಾಸಿನಲ್ಲಿ ನಿಲ್ಲಿಸದೆ ಓಡಿಸಿ ಬನ್ನಿ, ಸಾಮಾನ್ಯವಾಗಿ ಆರುತ್ತದೆ. ಆರದಿದ್ದರೆ, ಮಿನುಗತೊಡಗಿದರೆ ಅಥವಾ ಎಂಜಿನ್ ದೀಪವೂ ಜೊತೆಯಾದರೆ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. ಅದನ್ನು ಕಿತ್ತು ಬರೀ ಕೊಳವೆ ಹಾಕಿಕೊಡುತ್ತೇನೆ ಎನ್ನುವ ಮೇಸ್ತ್ರಿ ನಿಮ್ಮೂರಿನಲ್ಲೂ ಸಿಗುತ್ತಾನೆ. ವಾರಂಟಿಯೂ ಹೋಗುತ್ತದೆ, ಹೊಗೆ ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತೀರಿ. ಹಾಗೆಯೇ ಎಂಜಿನ್ ಆಯಿಲ್ ಕೂಡ ಈ ಶೋಧಕಕ್ಕೆ ಹೊಂದುವ, ಬೂದಿ ಕಡಿಮೆ ಬಿಡುವ ಜಾತಿಯದೇ ಆಗಬೇಕು. ಟ್ರ್ಯಾಕ್ಟರಿಗೆ ತಂದು ಉಳಿದ ಡಬ್ಬಿಯನ್ನು ಇದಕ್ಕೆ ಸುರಿಯಬೇಡಿ.

ಈ ಬಿಸಿಯ ಇನ್ನೊಂದು ಮುಖ ನಮ್ಮ ಕಡೆಯವರಿಗೆ ಹೆಚ್ಚು ಮುಖ್ಯ. ಹೆದ್ದಾರಿಯಲ್ಲಿ ಓಡಿಸಿ ಬಂದ ಗಾಡಿಯನ್ನು ನೇರ ಕಣಿಕೆಯ ಬಣವೆಯ ಪಕ್ಕಕ್ಕೋ ಒಣಹುಲ್ಲಿನ ಮೇಲಕ್ಕೋ ತಂದು ನಿಲ್ಲಿಸಬೇಡಿ. ರಸ್ತೆಯ ಮೇಲೆ ಹುರುಳಿ, ಜೋಳ ಹರವಿ ಗಾಡಿಗಳಿಂದ ತುಳಿಸುವ ಪದ್ಧತಿ ಇದೆಯಲ್ಲ, ಆ ಹೊಟ್ಟು ಬಳ್ಳಿ ಕೆಳಗಿನ ಶಾಫ್ಟಿಗೆ ಸುತ್ತಿಕೊಂಡು, ಕಾದ ಕೊಳವೆಗೆ ತಗುಲಿ ಬೆಂಕಿ ಹತ್ತಿದ ಗಾಡಿಗಳನ್ನು ಕಂಡಿದ್ದೇನೆ. ಹುರುಳಿ ಬಳ್ಳಿಯಂತೂ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಅಂಥ ಕಡೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಕೊಳವೆ ಮುಟ್ಟದೆ ಕೋಲಿನಿಂದ ತೆಗೆಯಿರಿ.

ನಿಮ್ಮ ಮಾದರಿಯಲ್ಲಿ ನೀಲಿ ಮುಚ್ಚಳದ ಇನ್ನೊಂದು ಸಣ್ಣ ಟ್ಯಾಂಕ್ ಇದ್ದರೆ ಅದು ಹೊಗೆಯ ವಿಷಾನಿಲ ತಗ್ಗಿಸುವ ಡಿಇಎಫ್ ಎಂಬ ದ್ರವಕ್ಕೆ. ಶೇ 32.5ರಷ್ಟು ಶುದ್ಧ ಯೂರಿಯಾವನ್ನು ಖನಿಜರಹಿತ ನೀರಿನಲ್ಲಿ ಕರಗಿಸಿದ್ದು ಅದು. ಯೂರಿಯಾ ತಾನೇ, ಮನೆಯಲ್ಲಿ ಚೀಲವೇ ಇದೆ ಎಂದು ಬೋರಿನ ನೀರಿನಲ್ಲಿ ಗೊಬ್ಬರ ಕರಗಿಸಿ ಹಾಕಿದ ಬುದ್ಧಿವಂತರೊಬ್ಬರ ಗಾಡಿ ನಮ್ಮ ಗ್ಯಾರೇಜಿಗೆ ಬಂದಿತ್ತು. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸಿರುತ್ತಾರೆ, ಬೋರಿನ ನೀರಿನಲ್ಲಿ ಸುಣ್ಣದಂಶ ಇರುತ್ತದೆ. ಪಂಪು, ದ್ರವ ಸಿಂಪಡಿಸುವ ನಾಝಲ್ ಎಲ್ಲ ಕಟ್ಟಿ ಹೋಗಿದ್ದವು. ಅವರು ಉಳಿಸಿದ್ದು ಎಷ್ಟು, ಕೊಟ್ಟದ್ದು ಎಷ್ಟು ಎಂಬುದನ್ನು ಅವರ ಮುಖವೇ ಹೇಳುತ್ತಿತ್ತು.

ಟ್ರ್ಯಾಕ್ಟರಿನಿಂದ ಬಂದವರೆಂದು ಬರೆದಿದ್ದೀರಿ, ಅದಕ್ಕೇ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಟ್ರ್ಯಾಕ್ಟರ್ ಗಾಳಿ ಹಿಡಿದಾಗ ಎಂಜಿನ್ ತಿರುಗಿಸುತ್ತಲೇ ಇಂಜೆಕ್ಟರಿನ ನಟ್ ಸಡಿಲಿಸಿ ಗಾಳಿ ಬಿಡುವ ಅಭ್ಯಾಸ ನಿಮ್ಮ ಕೈಗೆ ಇರಬಹುದು. ಪಿಕಪ್‌ನದು ಕಾಮನ್ ರೇಲ್ ಎಂಜಿನ್, ಎಂದರೆ ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವಂಥದ್ದು; ಆ ಕೊಳವೆಗಳೊಳಗೆ ಒತ್ತಡ 1,600 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು 1,600 ಪಟ್ಟು ದಾಟುವುದುಂಟು. ಸಡಿಲಾದ ಸಂದಿನಿಂದ ಚಿಮ್ಮುವ ಕೂದಲೆಳೆಯಂಥ ಧಾರೆ ಚರ್ಮವನ್ನು ಸೀಳಿ ಒಳಹೊಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಾಣುತ್ತದೆ, ಆದರೆ ಬೆರಳನ್ನೇ ಕಳೆದುಕೊಳ್ಳುವ ಪರಿಸ್ಥಿತಿ ಬರಬಹುದು. ಮುಟ್ಟಲೇಬೇಡಿ. ಗಾಳಿ ಹಿಡಿಯದಂತೆ ನೋಡಿಕೊಳ್ಳುವ ದಾರಿ ಟ್ಯಾಂಕ್ ಬರಿದಾಗಲು ಬಿಡದಿರುವುದು. ಈ ಪಂಪಿಗೆ ಡೀಸೆಲ್ಲೇ ಎಣ್ಣೆಯೂ ಹೌದು, ಒಣಗಿ ತಿರುಗಿದರೆ ಸವೆಯುತ್ತದೆ. ಡೀಸೆಲ್ಲಿನಲ್ಲಿ ನೀರಿನ ದೀಪ ಉರಿದರೆ ಆ ದಿನವೇ ಫಿಲ್ಟರಿನ ಕೆಳಗಿನ ನೀರು ಇಳಿಸಿ.

ಮೊದಲ ಸಾವಿರ ಕಿಲೋಮೀಟರ್ ಹೊಸ ಎಂಜಿನ್ ಹೊಂದಿಕೊಳ್ಳುವ ಕಾಲ. ತುಂಬು ಭಾರ ಹೊರಿಸಬೇಡಿ, ಒಂದೇ ವೇಗದಲ್ಲಿ ತಾಸುಗಟ್ಟಲೆ ಎಳೆಸಬೇಡಿ, ಮೇಲಿನ ಗೇರಿನಲ್ಲಿ ಗುಂಯ್‌ಗುಡಿಸಿ ಏರು ಹತ್ತಿಸಬೇಡಿ. ಭಾರ ಎಳೆದು ಬಂದ ಕೂಡಲೇ ಕೀಲಿ ತಿರುಗಿಸದೆ ಒಂದು ನಿಮಿಷ ನಿಂತಲ್ಲೇ ಚಾಲೂ ಇಡಿ, ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ತಣ್ಣಗಾಗಲಿ.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಚಟ ಇದ್ದರೆ ಇಂದೇ ಬಿಡಿ. ಹಳೆಯ ಎಂಜಿನ್ನಿನಲ್ಲೂ ಅದು ಅಪಾಯವಾಗಿತ್ತು, ಹೊಸದರಲ್ಲಿ ಉಳಿತಾಯವೂ ಇಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರುಗಳು ಡೀಸೆಲ್ಲನ್ನು ಪೂರ್ತಿ ನಿಲ್ಲಿಸುತ್ತವೆ, ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲು ಮತ್ತೆ ಕುಡಿಯತೊಡಗುತ್ತದೆ.

ಬ್ರೇಕಿನ ವಿಷಯದಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಬಹಳಷ್ಟು ಪಿಕಪ್‌ಗಳ ಹಿಂದಿನ ಆ್ಯಕ್ಸಲ್ ಬಳಿ ಒಂದು ಸಣ್ಣ ಕಡ್ಡಿಗೆ ಜೋಡಿಸಿದ ಕವಾಟ ಇರುತ್ತದೆ. ಬಾಡಿ ಎಷ್ಟು ಕುಸಿದಿದೆ ಎಂಬುದನ್ನು ನೋಡಿ ಭಾರ ಎಷ್ಟಿದೆ ಎಂದು ಅದು ಅಂದಾಜಿಸುತ್ತದೆ, ಅದಕ್ಕೆ ತಕ್ಕಂತೆ ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ನಮ್ಮವರು ಗಾಡಿ ತಂದ ವಾರದಲ್ಲೇ ಹಿಂದಿನ ಸ್ಪ್ರಿಂಗಿಗೆ ಎರಡು ಪಾಟಾ, ಎಂದರೆ ಉಕ್ಕಿನ ಪಟ್ಟಿ, ಹೆಚ್ಚು ಹಾಕಿಸುತ್ತಾರೆ. ಈಗ ಎರಡು ಟನ್ ಹೊರಿಸಿದರೂ ಬಾಡಿ ಕುಸಿಯುವುದಿಲ್ಲ, ಕವಾಟ ಗಾಡಿ ಖಾಲಿ ಎಂದುಕೊಂಡು ಹಿಂದಿನ ಬ್ರೇಕನ್ನು ಅರೆಬರೆ ಬಿಡುತ್ತದೆ. ಭಾರ ತುಂಬಿದ ದಿನವೇ ಬ್ರೇಕ್ ಕಡಿಮೆ. ಪಾಟಾ ಹಾಕಿಸಿದ್ದರೆ ತೆಗೆಸಿ, ಅಥವಾ ಕಂಪನಿಯಲ್ಲಿ ತೋರಿಸಿ.

ಖಾಲಿ ಗಾಡಿಯೂ ಸಾಧುವಲ್ಲ. ಗಟ್ಟಿ ಪಾಟಾದ ಮೇಲೆ ಹಿಂಭಾಗ ಹಗುರಾಗಿ ಪುಟಿಯುತ್ತದೆ. ಮೊದಲ ಮಳೆಯ ಡಾಂಬರಿನ ಮೇಲೆ, ಅದಕ್ಕಿಂತಲೂ ಎರೆ ಹೊಲದಿಂದ ಚಕ್ರಕ್ಕೆ ಮೆತ್ತಿಕೊಂಡು ಬಂದ ಮಣ್ಣಿನ ಮೇಲೆ ತಿರುವಿನಲ್ಲಿ ಬಾಲ ಹೊರಳಿಸುತ್ತದೆ. ರಸ್ತೆಗೆ ಏರುವ ಮುನ್ನ ಚಕ್ರದ ಮಣ್ಣು ಕೆರೆದು ಹಾಕಿ. ಗಾಳಿಯ ಒತ್ತಡ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ, ಖಾಲಿಗೆ ಬೇರೆ, ತುಂಬಿದ್ದಕ್ಕೆ ಬೇರೆ.

ಇನ್ನು ಬ್ಯಾಡಗಿಗೆ ಸೋಮವಾರ, ಗುರುವಾರ ಸರಕು ಒಯ್ಯುವ ಮಾತು. ಒಣಮೆಣಸಿನಕಾಯಿ ಹಗುರ, ಆದರೆ ಮನೆಯೆತ್ತರ ಏರುತ್ತದೆ. ತೂಕ ಮಿತಿಯೊಳಗಿದೆ ಎಂದು ಚೀಲದ ಮೇಲೆ ಚೀಲ ಹೇರಿದರೆ ಮೇಲೆ ಹೇಳಿದ ಅದೇ ಎತ್ತರದ ತೊಂದರೆ ಬರುತ್ತದೆ, ಅಡ್ಡಗಾಳಿಯ ಕಾಟ ಬೇರೆ. ಕೆಳಗಿನ ಸಾಲನ್ನು ಕ್ಯಾಬಿನ್ನಿಗೆ ಒತ್ತಿ ತುಂಬಿ, ಹಿಂದಿನ ಚಕ್ರದಾಚೆ ಭಾರ ನೇತಾಡಬಾರದು. ನೇತಾಡಿದರೆ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಹಗ್ಗ ಹತ್ತು ಕಿಲೋಮೀಟರಿಗೆ ಸಡಿಲಾಗುತ್ತದೆ, ಮೋಟೆಬೆನ್ನೂರು ಬರುವ ಮುನ್ನ ಒಮ್ಮೆ ಇಳಿದು ಬಿಗಿ ಮಾಡಿ. ಇಳಿಯುವಾಗ ಹೆದ್ದಾರಿಯ ಪಟ್ಟಿಯ ಮೇಲೆ ನಿಲ್ಲಿಸಬೇಡಿ, ಪೂರ್ತಿ ಪಕ್ಕಕ್ಕೆ ಹೋಗಿ ದೀಪ ಮಿನುಗಿಸಿ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ನಿಂತ ಲಾರಿಗೆ ಟೆಂಪೊ ಟ್ರಾವೆಲರ್ ಬಡಿದು ಹದಿಮೂರು ಜನ ಹೋದರು, ಅವರು ಯಲ್ಲಮ್ಮನ ದರ್ಶನ ಮುಗಿಸಿ ಬರುತ್ತಿದ್ದವರು. ಹಿಂಬಾಗಿಲಿನ ಕೆಂಪು ಹೊಳೆಯುವ ಪಟ್ಟಿ ಧೂಳು ತಿಂದು ಮಂಕಾಗಿದ್ದರೆ ಒರೆಸಿ, ಕಿತ್ತಿದ್ದರೆ ಹೊಸದು ಅಂಟಿಸಿ.

ಪರವಾನಗಿಯ ಚಿಂತೆ ಬೇಡ. ಒಟ್ಟು ತೂಕ 7,500 ಕಿಲೋ ದಾಟದ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಟ್ರ್ಯಾಕ್ಟರಿನ ಲೈಸೆನ್ಸ್ ಮಾತ್ರ ಇದ್ದರೆ ಅದು ಬೇರೆ ಮಾತು, ಹಾವೇರಿಯ ಆರ್‌ಟಿಒ ಕಚೇರಿಗೆ ಹೋಗಿ ಲಘು ವಾಹನದ್ದನ್ನು ಮಾಡಿಸಿಕೊಳ್ಳಿ.

ಉಳಿದದ್ದು ನಿಮ್ಮ ಅಪ್ಪ. ಅವರಿಗೆ ಸುರಕ್ಷತೆಯ ಪಾಠ ಹೇಳಬೇಡಿ, ಹಕ್ಕಿನ ಮಾತು ಹೇಳಿ. ಸರಕಿನ ಮಾಲೀಕನಿಗೆ ವಿಮೆಯ ರಕ್ಷಣೆ ಸಿಗುವುದು ಕ್ಯಾಬಿನ್ನಿನಲ್ಲಿ ಕುಳಿತಾಗ ಎಂದು 2007ರ ಸುಪ್ರೀಂ ಕೋರ್ಟ್ ತೀರ್ಪೊಂದು ಹೇಳುತ್ತದೆ. ಅಂದರೆ ಮುಂದಿನ ಸೀಟು ಕಾನೂನಿನಂತೆಯೇ ಅವರದು, ಈಗ ಅಲ್ಲಿ ಬೇರೆ ಯಾರಾದರೂ ಕೂರುತ್ತಿದ್ದರೆ ಅವರು ಬಸ್ಸಿಗೆ ಬರಲಿ. ದಾರಿಯಲ್ಲಿ ಚೀಲ ಕದಿಯುತ್ತಾರೆ ಎಂಬ ಅನುಮಾನ ಅವರಿಗಿದ್ದರೆ ಚೀಲಗಳನ್ನು ಅವರಿಂದಲೇ ಎಣಿಸಿ, ತಾಡಪಾಲಿನ ಕೊನೆಯ ಗಂಟನ್ನು ಅವರ ಕೈಯಿಂದಲೇ ಹಾಕಿಸಿ. ಆಮೇಲೆ ಕಿಟಕಿಯ ಪಕ್ಕ ಕೂರಿಸಿ, ಬೆಲ್ಟ್ ಹಾಕಿ. ಆ ಗಂಟು ಸಡಿಲಾಗಿದೆಯೇ ಎಂದು ಕನ್ನಡಿಯಲ್ಲಿ ನೋಡುತ್ತ ಕೂರುವ ಕೆಲಸ ಅವರಿಗೆ ಇದ್ದೇ ಇರುತ್ತದೆ.